ಫ್ರೆಂಚ್ ರಾಕ್ಸ್, ಮೂರನೇ ದರ್ಜೆ

ಹಲಗೆಯ ಹೆಸರು ಬದಲಾದ ದಿನ
ಬಣ್ಣ ಬಳಿದವರು ದಸ್ತಗೀರ್ ಸಾಬರು.
ಹಳದಿ ಎರಡು ಕೋಟು ಹೊಡೆದರೂ
ಒಳಗಿನಿಂದ ಫ್ರೆಂಚ್ ರಾಕ್ಸ್ ಉಬ್ಬಿ ಕಾಣುತ್ತಿತ್ತಂತೆ,
ಮೂರನೇ ಕೋಟಿಗೆ ರೈಲ್ವೆ ದುಡ್ಡು ಕೊಡಲಿಲ್ಲ.
ಅದರ ಮೇಲೇ ಪಾಂಡವಪುರ ಎಂದು ಬರೆದು
ಸಾಬರು ಏಣಿ ಇಳಿದರು.

ಫ್ರೆಂಚರನ್ನು ನಮ್ಮಲ್ಲಿ ಯಾರೂ ಕಂಡವರಿಲ್ಲ.
ಸುಲ್ತಾನರ ಕಾಲಕ್ಕೆ ಇಲ್ಲಿ ಡೇರೆ ಹೊಡೆದಿದ್ದರು,
ಬಂಡೆಯ ಮೇಲೆ ಅಂಗಿ ಒಣಹಾಕಿದರು,
ತಮ್ಮೂರಿಗೆ ಕಾಗದ ಬರೆದರು,
ಕಾಗದ ಕಡಲು ದಾಟುವ ಮೊದಲೇ
ಕೆಲವರು ಮಣ್ಣಾದರು.
ಗೆದ್ದ ಇಂಗ್ಲಿಷರು ಸೋತವರ ಹೆಸರನ್ನೇ
ಬಂಡೆಗೆ ಕಟ್ಟಿ ಹೋದರು.
ಕಂಬಿ ಹಾಸುವ ಹೊತ್ತಿಗೆ
ಬೇರೆ ಹೆಸರು ಹುಡುಕಲು ಯಾರಿಗೂ ಪುರುಸೊತ್ತಿರಲಿಲ್ಲ.

ನಮ್ಮವರ ಬಾಯಲ್ಲಿ ಅದು ಪಿರಂಚಿರಾಕು.
ಅವಸರದವರಿಗೆ ಬರೀ ರಾಕು.
ಅಜ್ಜಿ ಪುಟ್ಟಚೆನ್ನಮ್ಮನಿಗೆ ಮಾತ್ರ ಹಿರೋಡೆ ಟೇಸನ್ನು,
ಟೇಸನ್ನಿಗೂ ಹಿರೋಡೆಗೂ ನಡುವೆ
ಎತ್ತಿನಗಾಡಿಯಲ್ಲಿ ಒಂದು ನಿದ್ದೆಯಷ್ಟು ದೂರವಿದ್ದರೂ.

ಅವಳು ಹೋದ ಮೇಲೆ ಎಲಡಿಕೆ ಚೀಲ ಕೊಡವಿದೆವು.
ಸುಣ್ಣದ ಡಬ್ಬಿ, ಒಂದು ಹಲ್ಲಿಲ್ಲದ ಬಾಚಣಿಗೆ,
ಕಡ್ಡಿಪುಡಿಯ ಕಾಗದದ ನಡುವೆ
ಗಟ್ಟಿ ರಟ್ಟಿನ ಟಿಕೀಟು:
ಫ್ರೆಂಚ್ ರಾಕ್ಸಿನಿಂದ ಮೈಸೂರಿಗೆ,
ಮೂರನೇ ದರ್ಜೆ, ಐದಾಣೆ.
ತಾರೀಖು ಅಳಿಸಿದೆ.
ಯಾವ ಟಿಸಿಯೂ ಅದನ್ನು ಕಚ್ಚಿಲ್ಲ.

ಅಪ್ಪನನ್ನು ಕೇಳಿದೆ.
‘ಅವ್ವ ಮೈಸೂರ್ ಕಂಡೋಳೇ ಅಲ್ಲ ಕಣ್ಲಾ’ ಅಂದ.

ಇನ್ನೊಂದು ಸಂಗತಿ ಊರಿಗೆಲ್ಲ ಗೊತ್ತು.
ಪಾಯಿಂಟ್ಸ್‌ಮನ್ ಬೋರಲಿಂಗಯ್ಯ
ಬೆತ್ತದ ಬಳೆಗೆ ಗುಂಡಿನ ಚೀಲ ಸಿಕ್ಕಿಸಿ
ಓಡುವ ಎಂಜಿನ್ನಿನತ್ತ ಎತ್ತಿ ಹಿಡಿಯುತ್ತಿದ್ದ.
ಡ್ರೈವರು ಅದನ್ನು ತೋಳಿಗೆ ಏರಿಸಿಕೊಂಡು
ತನ್ನ ಬಳೆ ಬಿಸಾಕುತ್ತಿದ್ದ.
ಒಂದು ದಿನ ಬಿಸಾಕಿದ್ದು ನೆಲಕ್ಕೆ ಬರಲೇ ಇಲ್ಲ,
ಹೊಂಗೆಮರದ ಕೊಂಬೆಗೆ ನೇತುಬಿತ್ತು.
ಗುಂಡು ಪೆಟ್ಟಿಗೆಗೆ ಬೀಳದೆ ದಾರಿ ಬಿಡುವಂತಿಲ್ಲ,
ಎದುರು ನಿಂತಿದ್ದ ಮೈಸೂರು ಗಾಡಿ
ಇಪ್ಪತ್ತು ನಿಮಿಷ ಬರೀ ಹೊಗೆ ಬಿಟ್ಟಿತು.
ಮಾಸ್ತರರು ಬೈದರು, ಹುಡುಗರು ಕಲ್ಲು ಹೊಡೆದರು,
ಗಳು ಹುಡುಕಿಕೊಂಡು ಬೋರಲಿಂಗಯ್ಯ
ಗದ್ದೆಗೆ ಓಡಿದ.

ಎರಡೂ ಒಂದೇ ದಿನ ಅನ್ನುವುದು
ನಾನು ಕಟ್ಟಿಕೊಂಡ ಕತೆ, ಸಾಕ್ಷಿಯಿಲ್ಲ.
ಆದರೂ ಕಾಣುತ್ತದೆ:
ಕಿಟಕಿ ಪಕ್ಕ ಗಂಟು ಮಡಿಲಲ್ಲಿಟ್ಟು ಕೂತ ಹದಿನೆಂಟರ ಹೆಂಗಸು.
ಯಾರಿಗೂ ಹೇಳದೆ ಹೊರಟವಳಿಗೆ
ಇಪ್ಪತ್ತು ನಿಮಿಷ ಬಹಳ ಉದ್ದ.
ಮನೆಯಲ್ಲಿ ಕರು ಕಟ್ಟಿದ್ದೆನೋ ಇಲ್ಲವೋ,
ಒಲೆಯ ಕೆಂಡ ಮುಚ್ಚಿದೆನೋ ಇಲ್ಲವೋ.
ಗುಂಡು ಬಿತ್ತು, ಸೀಟಿ ಊದಿತು.
ಅವಳು ಇಳಿದಿದ್ದಳು.

ಅಗಲದ ಕಂಬಿ ಬಂದಾಗ
ಹಳೆಯದನ್ನು ಹರಾಜು ಹಾಕಿದರು.
ಅಪ್ಪ ಎರಡು ತುಂಡು ಗಾಡಿಯಲ್ಲಿ ಹೇರಿ ತಂದು
ಕೊಟ್ಟಿಗೆಗೆ ತೊಲೆ ಮಾಡಿದ.
ಹಾಲು ಕರೆಯುತ್ತ ಅಜ್ಜಿ ಒಮ್ಮೊಮ್ಮೆ
ತಲೆಯೆತ್ತಿ ನೋಡುತ್ತಿದ್ದಳು,
ಹಲ್ಲಿ ನೋಡುತ್ತಾಳೆ ಅಂದುಕೊಂಡಿದ್ದೆವು.

ಈಗ ಇಲ್ಲಿ ಜೋಡಿ ಹಳಿ, ಮೇಲೆ ವಿದ್ಯುತ್ ತಂತಿ.
ನಿಲ್ಲದ ಗಾಡಿಗಳು ಹಲಗೆಯ ಹೆಸರು
ಓದಲು ಬಿಡುವುದಿಲ್ಲ.
ಕಬ್ಬು ಅರೆಯುವ ದಿನಗಳಲ್ಲಿ
ಕಾರ್ಖಾನೆಯ ಸುಟ್ಟ ಬೆಲ್ಲದ ವಾಸನೆ
ಟಿಕೆಟ್ ಕೌಂಟರಿನ ತನಕ ಬಂದು ಸಾಲಿನಲ್ಲಿ ನಿಲ್ಲುತ್ತದೆ.

ರಟ್ಟನ್ನು ಕಿಂಡಿಯೊಳಗೆ ತಳ್ಳಿದೆ.
ಆ ಹುಡುಗಿ ತಿರುವಿ ಮುರುವಿ ನೋಡಿ
ಕಂಪ್ಯೂಟರಿಗೆ ಹೆಸರು ಬಡಿದಳು,
‘ಈ ಥರ ಸ್ಟೇಷನ್ನೇ ಇಲ್ಲ ಸಾರ್’ ಅಂದಳು.
ಸುಮ್ಮನೆ, ಒಂದು ತೂತು ಹೊಡೆದುಕೊಡಿ ಅಂದೆ.
ನಕ್ಕಳು. ಆ ಇಕ್ಕಳ ಈಗ ಯಾರ ಹತ್ತಿರ ಇರುತ್ತದೆ?
ಹಿಂದಿನವನು ಚಿಲ್ಲರೆ ಕುಟ್ಟುತ್ತಿದ್ದ.

ಮೈಸೂರಿಗೆ ಒಂದು ತಗೊಂಡೆ.
ತೆಳ್ಳನೆಯ ಕಾಗದ, ಬೆವರಿಗೇ ಮೆತ್ತಗಾಗುತ್ತದೆ.
ಜೇಬಿನಲ್ಲಿ ಬೆರಳಾಡಿದರೆ
ರಟ್ಟಿನ ನಾಲ್ಕು ಅಂಚೂ
ಇನ್ನೂ ಚೂಪು.